ಪಲಾವ್ ಎಲೆಯ ಕಣಿವೆ

ನಮ್ಮ ಮನೆಯಲ್ಲಿ ಪಲಾವಿಗೆ ಎಲೆ ಹಾಕುವುದಿಲ್ಲ. ಚಕ್ಕೆ, ಲವಂಗ, ಮೊಗ್ಗು, ಏಲಕ್ಕಿ ಎಲ್ಲ ಬೀಳುತ್ತದೆ, ಎಲೆ ಮಾತ್ರ ಇಲ್ಲ. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ "ಯಾಕತ್ತೆ?" ಎಂದು ಕೇಳಿದ್ದಳು. "ನಂಗೆ ಆಗಲ್ಲ ಕಣಮ್ಮ" ಎಂದಿದ್ದೆ. ಪಿತ್ತವೋ ಗ್ಯಾಸೋ ಇರಬೇಕು ಅಂದುಕೊಂಡು ಸುಮ್ಮನಾದಳು. ಮೊನ್ನೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅಡುಗೆಯವರನ್ನು ಕರೆಸಿದ್ದರು. ಆ ಪುಣ್ಯಾತ್ಮ ಹಿತ್ತಲಲ್ಲಿ ಕೊಳಗ ಇಟ್ಟು, ಕಾದ ಎಣ್ಣೆಗೆ ಒಂದು ಹಿಡಿ ಎಲೆ ಸುರಿದನಲ್ಲ, ಅದರ ವಾಸನೆ ನಾನು ಕೂತಿದ್ದ ನಡುಮನೆಗೇ ಬಂತು. ಎದ್ದು ಮಹಡಿಗೆ ಹೋಗಿ ನಿಂತೆ. ಕೆಳಗೆ ಮಕ್ಕಳು ಬಲೂನು ಒಡೆಯುತ್ತಿದ್ದವು, ಮೈಕಿನಲ್ಲಿ ಯಾವುದೋ ಹಾಡು. ನಾನು ಮಾತ್ರ ಕ್ಯಾಲಿಫೋರ್ನಿಯಾದ ಒಂದು ಕೊರಕಲಿನಲ್ಲಿ, ಮಗಳ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಸೀರೆ ಎತ್ತಿ ಹಿಡಿದು, ಒಣಗಿದ ಹಳ್ಳದ ಕಲ್ಲಿನ ಮೇಲೆ ನಿಂತಿದ್ದೆ.

ಅದು ಇಸವಿ ಎರಡು ಸಾವಿರ. ಕಂಪ್ಯೂಟರ್ ಕಲಿತವರೆಲ್ಲ ಬೆಳಗಾಗುವುದರಲ್ಲಿ ಕೋಟ್ಯಧೀಶರಾಗುತ್ತಾರೆ ಎಂದು ಹಾಸನದ ಬಸ್ ಸ್ಟ್ಯಾಂಡಿನಲ್ಲೂ ಮಾತಾಡುತ್ತಿದ್ದ ಕಾಲ. ನನ್ನ ಮಗಳು ವೀಣಾ, ಅಳಿಯ ಮಂಜುನಾಥ ಇಬ್ಬರೂ ಮೌಂಟನ್ ವ್ಯೂನಲ್ಲಿ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದರು. ವೀಣಾಳದು ದೊಡ್ಡ ಕಂಪನಿ. ಮಂಜುನಾಥನದು ಹೊಸದಾಗಿ ಹುಟ್ಟಿದ ಕಂಪನಿ, ಕಿಟಕಿಯ ಪರದೆಗಳನ್ನು ಕಂಪ್ಯೂಟರಿನಲ್ಲಿ ಮಾರುತ್ತಿದ್ದರಂತೆ. ನಮ್ಮದು ಹಾಸನದಲ್ಲಿ ಜವಳಿ ಅಂಗಡಿ. ಮದುವೆಯಾದಾಗಿನಿಂದ ನಾನೂ ಗಲ್ಲಾದಲ್ಲಿ ಕೂತಿದ್ದೇನೆ. ಮುಟ್ಟಿ, ಮುದುರಿ, ಬಿಸಿಲಿಗೆ ಹಿಡಿದು ನೋಡಿದ ಮೇಲೂ "ನಾಳೆ ಬರ್ತೀವಿ" ಎಂದು ಎದ್ದು ಹೋಗುವ ಜನವನ್ನು ನೋಡಿ ನೋಡಿ ಸಾಕಾಗಿದ್ದ ನನಗೆ, ಬಟ್ಟೆ ಮುಟ್ಟದೆ ಪರದೆ ಕೊಳ್ಳುವವರು ಎಲ್ಲಿದ್ದಾರಪ್ಪ ಅನ್ನಿಸಿತ್ತು. ಅಳಿಯನ ಮುಂದೆ ಅನ್ನಲಿಕ್ಕಾಗುತ್ತದೆಯೇ? "ಒಳ್ಳೇದಾಗ್ಲಿ" ಎಂದಿದ್ದೆ.

ಚೊಚ್ಚಲ ಬಾಣಂತನ ತವರಿನದು. ಮಗಳು ತವರಿಗೆ ಬರಲಿಕ್ಕಾಗದಿದ್ದರೆ ತವರೇ ಮಗಳ ಬಳಿಗೆ ಹೋಗಬೇಕು. ಒಂದು ಪೆಟ್ಟಿಗೆಯ ತುಂಬ ಬಾಣಂತನವನ್ನೇ ತುಂಬಿಕೊಂಡು ಹೊರಟೆ. ಒಣಶುಂಠಿ, ಹಿಪ್ಪಲಿ, ಓಮ, ಅಂಟು, ಗಿಟುಕು ಕೊಬ್ಬರಿ, ಮಗುವಿಗೆ ತೇಯಲು ಬಜೆ, ಒಗೆದು ಒಗೆದು ಮೆತ್ತಗಾದ ಹಳೇ ಸೀರೆಯ ತುಂಡುಗಳು. ಅಂಗಡಿಯ ಒಳ್ಳೆಯ ಮಲ್ಲು ಬಟ್ಟೆಯಲ್ಲಿ ನಾನೇ ಒಂದು ಕುಲಾವಿ ಹೊಲಿದಿದ್ದೆ, ಹಳದಿ ಅಂಚಿನದು. ದಿನ ತುಂಬಲು ಇನ್ನೂ ವಾರಗಳಿದ್ದವು. ಬೇಕೆಂದೇ ಮುಂಚಿತವಾಗಿ ಹೊರಟಿದ್ದೆ.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಮಂಜುನಾಥ ಒಬ್ಬನೇ ನಿಂತಿದ್ದ.

"ವೀಣಾ ಎಲ್ರೀ?" ಎಂದೆ.

"ಆಸ್ಪತ್ರೇಲಿದಾಳೆ ಅತ್ತೆ."

"ಆಗ್ಲೇ ಆಯ್ತಾ? ಇನ್ನೂ ದಿನ ಇತ್ತಲ್ರೀ!"

"ಆಯ್ತು. ಹೆಣ್ಣು ಮಗು." ನಾನು ನಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೇಳಿದ, "ಉಳೀಲಿಲ್ಲ ಅತ್ತೆ. ನೀವು ಫ್ಲೈಟಲ್ಲಿದ್ರಿ."

ನನ್ನ ಕೈಯಿಂದ ಟ್ರಾಲಿ ತೆಗೆದುಕೊಂಡು ತಳ್ಳುತ್ತಾ ಮುಂದೆ ಹೊರಟ. ನಾನು ಅವನ ಹಿಂದೆ ನಡೆದೆ. ಕಾರು ನಿಲ್ಲಿಸಿದ ಜಾಗ ಅವನಿಗೆ ನೆನಪಾಗಲಿಲ್ಲ. ಆ ಸಿಮೆಂಟಿನ ಮಹಡಿಗಳಲ್ಲಿ ಎಷ್ಟು ಹೊತ್ತು ಸುತ್ತಿದೆವೋ. ಕೊನೆಗೆ ನಾನೇ "ಮಗೂನ?" ಎಂದೆ. "ಎಲ್ಲಾ ಆಸ್ಪತ್ರೆಯವರೇ ನೋಡ್ಕೋತಾರೆ ಅತ್ತೆ" ಎಂದ. ಮಣ್ಣು ಮಾಡುತ್ತಾರೆ ಎಂದುಕೊಂಡೆ. ಬೇರೆ ಇನ್ನೇನು ಅಂದುಕೊಳ್ಳಲಿ?

ಮಗುವಿಲ್ಲದಿದ್ದರೂ ಮಗಳು ಬಾಣಂತಿ ತಾನೆ. ಮೈಗೆ ಅದು ಗೊತ್ತಾಗುವುದಿಲ್ಲ. ಹಾಲು ಬಂತು. ನಮ್ಮ ಕಡೆ ಹಾಲು ಬತ್ತಿಸಲು ಮಲ್ಲಿಗೆ ಕಟ್ಟುತ್ತಾರೆ. ಅಲ್ಲಿ ಮಲ್ಲಿಗೆ ಎಲ್ಲಿಂದ ತರುವುದು? ಕೋಸಿನ ಎಲೆ ಇಟ್ಟುಕೊಳ್ಳಿ ಎಂದು ನರ್ಸು ಹೇಳಿದ್ದಳಂತೆ. ಮಂಜುನಾಥ ಗ್ರೋಸರಿಯಿಂದ ದೊಡ್ಡ ದೊಡ್ಡ ಕೋಸು ತಂದು ಫ್ರಿಜ್ಜಿನಲ್ಲಿಟ್ಟ. ನಾನು ಒಂದೊಂದೇ ಎಲೆ ಬಿಡಿಸಿ ಕೊಡುತ್ತಿದ್ದೆ. ಹರಳೆಣ್ಣೆ ಹಚ್ಚಿ ನೀರು ಹಾಕಿದೆ, ಹೊಟ್ಟೆ ಕಟ್ಟಿದೆ, ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ ಮಾಡಿ ಹಾಕಿದೆ. ಕೊಟ್ಟದ್ದನ್ನೆಲ್ಲ ತಿಂದಳು. ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಅವಳು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಲಗುವ ಕೋಣೆಯಲ್ಲಿ ಮೊದಲೇ ತಂದು ಜೋಡಿಸಿದ್ದ ಮರದ ತೊಟ್ಟಿಲಿತ್ತು. ಅದನ್ನು ಬಿಚ್ಚಿಡೋಣ ಎಂದರೆ ಮಾತ್ರ "ಇರ್ಲಿ ಬಿಡಮ್ಮ" ಎನ್ನುತ್ತಿದ್ದಳು.

ಒಂದು ಸಂಜೆ ಮಂಜುನಾಥ ಆಫೀಸಿನಿಂದ ಬರುವಾಗ ಕೈಯಲ್ಲಿ ಒಂದು ಬಿಳಿ ಡಬ್ಬಿ. ಕುಂಕುಮದ ಭರಣಿಗಿಂತ ಚೂರು ದೊಡ್ಡದು. ಊಟದ ಟೇಬಲ್ಲಿನ ಮೇಲಿಟ್ಟ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಗುವಿನ ಬೂದಿ.

ಆಗಿದ್ದಿಷ್ಟು. ಅವತ್ತು ಆಸ್ಪತ್ರೆಯಲ್ಲಿ ಒಬ್ಬಾಕೆ ಬಂದು, ಹೂಳುವುದೋ ಸುಡುವುದೋ ಎಂದು ಮೆತ್ತಗೆ ಕೇಳಿದಳಂತೆ. ಮಂಜುನಾಥ ಮೈಸೂರಿನ ಪೇಟೆಯಲ್ಲಿ ಬೆಳೆದ ಹುಡುಗ, ಅವನ ತಾತ ತೀರಿಕೊಂಡಾಗ ಚಿತೆ ನೋಡಿದ್ದ, ಅಷ್ಟೇ ಗೊತ್ತು. "ನಾವು ಹಿಂದೂಗಳು, ಸುಡ್ತೀವಿ" ಎಂದುಬಿಟ್ಟ. ಹಲ್ಲು ಹುಟ್ಟದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿನಲ್ಲಿ ಮಲಗಿಸುತ್ತಾರೆ ಎಂದು ಆ ಹುಡುಗನಿಗೆ ಯಾರು ಹೇಳಬೇಕಿತ್ತು? ಕೇಳಲು ಮನೆಯಲ್ಲಿ ಹಿರಿಯರಿಲ್ಲ, ನಾನು ಆಕಾಶದಲ್ಲಿದ್ದೆ. ಮೈಸೂರಿಗೆ ಫೋನು ಮಾಡಿ ಅಪ್ಪ ಅಮ್ಮನ ಎದೆ ಒಡೆಯುವುದು ಬೇಡ, ನಿಧಾನಕ್ಕೆ ಹೇಳೋಣ ಎಂದುಕೊಂಡಿದ್ದನಂತೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ನಮ್ಮ ಬೀಗಿತ್ತಿಯ ಮೇಲೆ.

ಆ ವಾರ ಅವನು ತಾಯಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ. ಸ್ಪೀಕರ್ ಹಾಕಿದ್ದ, ನಾನೂ ಮಾತಾಡಲಿ ಎಂದು. ಆಯಮ್ಮ ಅತ್ತರು, ಸರಿ. ಅತ್ತು ಮುಗಿಸಿ, "ಅಯ್ಯೋ ಪಾಪಿ, ಅಷ್ಟು ಸಣ್ಣ ಮಗೂನ ಯಾರಾದ್ರೂ ಬೆಂಕಿಗೆ ಹಾಕ್ತಾರೇನೋ? ಯಾವ ಜನ್ಮದ ಕರ್ಮಾನೋ, ಎಳೇ ಜೀವ ಬೆಂದುಹೋಯ್ತಲ್ಲೋ!" ಎಂದರು. ನಾನು ಓಡಿ ಹೋಗಿ ಆ ಫೋನಿನ ಯಾವುದೋ ಗುಂಡಿ ಒತ್ತಿದೆ. ಅಷ್ಟರಲ್ಲಿ ತಡವಾಗಿತ್ತು. ತಲೆಗೆ ಟವೆಲ್ ಸುತ್ತಿಕೊಂಡು ವೀಣಾ ಬಾಗಿಲಲ್ಲಿ ನಿಂತಿದ್ದಳು.

"ಸುಡಬಾರ್ದಿತ್ತಾ ಅಮ್ಮ?" ಎಂದಳು.

"ಒಂದೊಂದು ಕಡೆ ಒಂದೊಂದು ಪದ್ಧತಿ ಕಣೆ. ನೀನು ಒಳಗೆ ನಡಿ, ಶೀತ ಆಗುತ್ತೆ."

"ಅದಕ್ಕೆ ಬೆಂಕಿ ಗೊತ್ತಾಗಿರುತ್ತಾ?"

"ಇಲ್ಲ ಮಗಳೇ, ಜೀವ ಇರ್ಲಿಲ್ವಲ್ಲ" ಎಂದೆ. ಅವಳು ಟೇಬಲ್ಲಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು ಹೋಗಿ ತೊಟ್ಟಿಲಲ್ಲಿಟ್ಟಳು. ಮೇಲೆ ನಾನು ತಂದಿದ್ದ ಹಳೇ ಸೀರೆಯ ತುಂಡನ್ನು ಹೊದಿಸಿದಳು. ಅವತ್ತಿನಿಂದ ಗಂಡನ ಜೊತೆ ಹಾಲು ಬೇಕಾ, ಲೈಟ್ ಆರಿಸ್ಲಾ, ಇಷ್ಟೇ ಮಾತು. ಅವನು ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದಳು.

ತೊಟ್ಟಿಲಲ್ಲಿ ಬೂದಿ ಇಟ್ಟುಕೊಂಡು ಎಷ್ಟು ದಿನ ಇರುವುದು? ಹಾಸನಕ್ಕೆ ಫೋನು ಮಾಡಿ, ಪುರೋಹಿತರನ್ನು ಕೇಳಿ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಕೇಳಿಕೊಂಡು ಬಂದು ಹೇಳಿದ್ದಿಷ್ಟು: ಅಂಥ ಮಗುವಿಗೆ ಅಸ್ಥಿ ಎನ್ನುವುದೇ ಇರುವುದಿಲ್ಲ, ಆದ್ದರಿಂದ ಅದನ್ನು ಬಿಡುವ ವಿಧಿಯೂ ಇಲ್ಲ, ಮಂತ್ರವೂ ಇಲ್ಲ. ಆಗಿದ್ದು ಆಗಿಹೋಯಿತು, ಹರಿಯುವ ನೀರಿಗೆ ಬಿಟ್ಟು ಬನ್ನಿ, ನಿಂತ ನೀರು ಬೇಡ.

ಸಮುದ್ರಕ್ಕೆ ಹೋಗೋಣ ಎಂದ ಮಂಜುನಾಥ. ವೀಣಾ ತಲೆ ಅಲ್ಲಾಡಿಸಿದಳು. ಅಷ್ಟು ದೊಡ್ಡದಕ್ಕೆ ಬೇಡ, ಅಲ್ಲಿ ತುಂಬಾ ಚಳಿ ಎಂದಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಆಯುಧಪೂಜೆಯ ದಿನ ಮಂಜುನಾಥ ಕಾರಿಗೆ ಕುಂಕುಮ ಇಟ್ಟು ಒಳಗೆ ಬಂದಾಗ ಅವಳೇ ಬಾಯಿ ಬಿಟ್ಟಳು. ಗೋಡೆಯ ಮೇಲೆ ಒಂದು ಫೋಟೋ ಇತ್ತು. ಏಪ್ರಿಲ್ಲಿನಲ್ಲಿ ಇಬ್ಬರೂ ಗುಡ್ಡದ ನಡುವಿನ ಒಂದು ಕೊರಕಲಿಗೆ ನಡೆದುಕೊಂಡು ಹೋಗಿದ್ದಾಗ ತೆಗೆದದ್ದು. ಹಿಂದೆ ಬಂಡೆಯ ಮೇಲಿಂದ ಬಿಳಿಯಾಗಿ ಧುಮುಕುವ ನೀರು, ಮುಂದೆ ನಮ್ಮ ವೀಣಾ, ಎರಡೂ ಕೈ ಹೊಟ್ಟೆಯ ಮೇಲೆ. ಆ ಫೋಟೋ ನೋಡುತ್ತಾ, "ಅಲ್ಲಿ ಬಿಡೋಣ" ಎಂದಳು. "ಅದಕ್ಕೆ ಆ ನೀರಿನ ಸದ್ದು ಗೊತ್ತು. ಅವತ್ತೇ ಮೊದಲ್ನೇ ಸಲ ಒದ್ದಿದ್ದು."

ಮಂಜುನಾಥ ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿ ಎಷ್ಟು ಆಸೆ ಇತ್ತೆಂದರೆ, ನನಗೂ ಹೋದ ಜೀವ ಬಂದಂತಾಯಿತು. ಬಿಡುತ್ತಾಳೆ, ಬಿಟ್ಟರೆ ಅಳುತ್ತಾಳೆ, ಅತ್ತರೆ ಬದುಕುತ್ತಾಳೆ ಎಂದುಕೊಂಡೆ. ಆ ಶನಿವಾರವೇ ಹೋಗುವುದೆಂದಾಯಿತು.

ಇಲ್ಲೇ ನಾವು ಮೂವರೂ ಎಡವಿದ್ದು. ಆಶ್ವೀಜ ಮಾಸ. ನಮ್ಮ ಹೇಮಾವತಿ ದಡ ಮುಟ್ಟಿ ಹರಿಯುವ ಕಾಲ, ಕಾಲುದಾರಿಯ ಪಕ್ಕದ ಸಣ್ಣ ತೊರೆಯಲ್ಲೂ ಮೊಣಕಾಲುದ್ದ ನೀರಿರುವ ಕಾಲ. ಬೇಸಿಗೆಯ ಏಪ್ರಿಲ್ಲಿನಲ್ಲೇ ಅಷ್ಟು ನೀರು ಇದ್ದ ಮೇಲೆ ಈಗ ಕೇಳಬೇಕೇ, ಜಾರದ ಹಾಗೆ ನೋಡಿಕೊಂಡು ಇಳಿಯಬೇಕು ಎಂದು ನಾನೇ ಹೇಳಿದೆ. ಮಂಜುನಾಥ ಹಗ್ಗ ಬೇರೆ ಇಟ್ಟುಕೊಂಡ. ನಾನು ಬಂದಾಗಿನಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ದಿನಾ ಎದ್ದು ಕಿಟಕಿ ಸರಿಸಿದರೆ ಅದೇ ನೀಲಿ ಆಕಾಶ, "ಏನ್ ದೇಶಾನಪ್ಪ, ಒಂದು ಮೋಡಾನೂ ಇಲ್ಲ" ಎಂದು ಬೈದುಕೊಂಡಿದ್ದೆ ಕೂಡ. ಅಲ್ಲಿ ಮಳೆ ಚಳಿಗಾಲದ್ದು, ಬೇಸಿಗೆಯೆಲ್ಲ ಒಣಗಿ ಒಣಗಿ ಆಶ್ವೀಜದ ಹೊತ್ತಿಗೆ ಹಳ್ಳಗಳು ಪೂರ್ತಿ ಬತ್ತಿರುತ್ತವೆ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊರಗಡೆ ಎಲ್ಲಿದ್ದರೇನು, ನಮ್ಮ ತಲೆಯೊಳಗೆ ನಮ್ಮೂರಿನ ಮಳೆಯೇ ಬೀಳುತ್ತಿತ್ತು.

ಬೆಳಗ್ಗೆ ಎದ್ದು ಪುಳಿಯೋಗರೆ, ಮೊಸರನ್ನ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿದೆ. ಅರಿಶಿನ, ಕುಂಕುಮ, ಒಂದು ಸಣ್ಣ ಬಾಟಲಿಯಲ್ಲಿ ಹಾಲು, ಗ್ರೋಸರಿಯಲ್ಲಿ ತಂದ ಗುಲಾಬಿ. ನನ್ನ ಚಪ್ಪಲಿ ನೋಡಿ ಮಂಜುನಾಥ, "ಅತ್ತೆ, ಅದ್ರಲ್ಲಿ ಹೈಕ್ ಮಾಡಕ್ಕಾಗಲ್ಲ, ವೀಣಂದು ಶೂ ಹಾಕ್ಕೊಳ್ಳಿ" ಎಂದ. ಇಳಕಲ್ ಸೀರೆಯ ಕೆಳಗೆ ಬಿಳಿ ಶೂ. ಕನ್ನಡಿಯಲ್ಲಿ ನೋಡಿಕೊಂಡು ನನಗೇ ನಗು ಬಂತು. ವೀಣಾ ಕೂಡ ಬಾಯಂಚಿನಲ್ಲಿ ಒಂದಿಷ್ಟು ನಕ್ಕಳು. ಆಮೇಲೆ ಒಳಗೆ ಹೋಗಿ ತೊಟ್ಟಿಲಿನಿಂದ ಡಬ್ಬಿ ತೆಗೆದು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು.

ಫ್ರೀವೇ ಬಿಟ್ಟು ಗುಡ್ಡದ ರಸ್ತೆ ಹತ್ತಿದೆವು. ತಿರುವು, ತಿರುವು, ಮತ್ತೆ ತಿರುವು. ರಸ್ತೆ ಬದಿಯ ಹೊಲದಲ್ಲಿ ಕಣ್ಣು ಕುಕ್ಕುವಷ್ಟು ಕುಂಬಳಕಾಯಿ.

"ಇಷ್ಟೊಂದು ಯಾರ್ ತಿಂತಾರ್ರೀ?"

"ತಿನ್ನಲ್ಲ ಅತ್ತೆ, ಕೊರೆದು ಒಳಗೆ ದೀಪ ಇಡ್ತಾರೆ."

"ಅಯ್ಯೋ, ಪಲ್ಯ ಆದ್ರೂ ಮಾಡ್ಬಾರ್ದಾ" ಎಂದೆ. ಮೂವರಲ್ಲಿ ಮಾತು ಹುಟ್ಟಿತಲ್ಲ ಎಂದು ಅಷ್ಟಕ್ಕೇ ಸಂತೋಷಪಟ್ಟೆ.

ಕಾರು ನಿಲ್ಲಿಸಿ ನಡೆಯತೊಡಗಿದೆವು. ಸುಳ್ಳು ಹೇಳಬಾರದು, ಬಹಳ ಚೆಂದದ ಜಾಗ. ಮೊದಲು ಆಕಾಶ ಮುಚ್ಚುವಷ್ಟು ಎತ್ತರದ ಕೆಂಪು ಮರಗಳು, ಕೆಳಗೆ ತಣ್ಣನೆಯ ನೆರಳು. ಆಮೇಲೆ ದಾರಿ ಇಳಿಯುತ್ತಾ ಇಳಿಯುತ್ತಾ ಎರಡೂ ಕಡೆ ಬಂಡೆಯ ಗೋಡೆ ಏಳುತ್ತದೆ. ಗೋಡೆಯ ಮೇಲ್ಗಡೆ ಚಿನ್ನದ ಬಣ್ಣದ ಒಣ ಹುಲ್ಲು. ದಾರಿ ಪಕ್ಕದಲ್ಲಿ ಕೆಂಪೆಲೆಯ ಪೊದೆಗಳು. ಅಷ್ಟು ಚೆಂದದ ಕೆಂಪು, ಒಂದು ಎಲೆ ಕೀಳೋಣ ಎಂದು ಕೈ ಚಾಚಿದರೆ ಮಂಜುನಾಥ "ಅತ್ತೆ, ಮುಟ್ಬೇಡಿ! ವಿಷ ಅದು, ಮೈಯೆಲ್ಲ ಗುಳ್ಳೆ ಏಳುತ್ತೆ" ಎಂದು ಕೂಗಿದ. ಇನ್ನೊಂದು ಮರದಿಂದ ಎಲೆ ಕಿತ್ತು ಕೊಟ್ಟ. "ಇದನ್ನ ಉಜ್ಜಿ ಮೂಸಿ ನೋಡಿ." ಉಜ್ಜಿದರೆ ಪಲಾವ್ ಎಲೆ! ನಮ್ಮೂರಿನ ಅಂಗಡಿಗಳದ್ದಕ್ಕಿಂತ ಹತ್ತು ಪಾಲು ಘಾಟು. ಆ ಕೊರಕಲಿನ ತುಂಬ ಅದೇ ಮರ. ಬಿಸಿಲೇರಿದ ಹಾಗೆ ಅಡುಗೆಮನೆಯ ವಾಸನೆ ಏಳುತ್ತಿತ್ತು. ಒಣಗಿಸಿ ಊರಿಗೆ ಒಯ್ಯಬೇಕು ಎಂದು ನಾಲ್ಕೆಲೆ ಸೆರಗಿನ ತುದಿಗೆ ಕಟ್ಟಿಕೊಂಡೆ.

ಎದುರಿನಿಂದ ಒಂದು ಅಮೆರಿಕನ್ ಜೋಡಿ ಬಂತು. ಗಂಡಸಿನ ಬೆನ್ನಿಗೆ ಕಟ್ಟಿದ ಚೀಲದಲ್ಲಿ ಒಂದು ಕೂಸು, ಬಿಸಿಲು ಟೋಪಿ ಹಾಕಿಕೊಂಡು ನಿದ್ದೆ ಮಾಡುತ್ತಿತ್ತು. ವೀಣಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ ನಗುನಗುತ್ತಾ ಇಂಗ್ಲಿಷಿನಲ್ಲಿ, ಎಷ್ಟು ಮುದ್ದಾಗಿದೆ, ಎಷ್ಟು ತಿಂಗಳು, ಹೆಸರೇನು ಎಂದೆಲ್ಲ ಕೇಳಿದಳು. ಅವರೂ ಹೇಳಿದರು, ಎಂಥ ಸುಂದರ ದಿನ ಅಲ್ಲವೇ ಎಂದರು. "ಹೌದು, ತುಂಬಾ ಸುಂದರ ದಿನ" ಎಂದಳು. ಅವರು ತಿರುವು ದಾಟಿದ ಮೇಲೆ ಅವಳ ಮುಖ ನೋಡಿದೆ. ನಗು ಇನ್ನೂ ಹಾಗೇ ಇತ್ತು, ತೆಗೆಯುವುದನ್ನು ಮರೆತಿದ್ದಳು.

ಒಂದು ಮರದ ಸೇತುವೆ ಬಂತು. ದಾಟುವಾಗ ಕೆಳಗೆ ನೋಡಿದೆ. ಬರೀ ಉರುಟು ಕಲ್ಲು. ಕಲ್ಲಿನ ನಡುವೆ ತರಗೆಲೆ. ನನಗೆ ಮೊದಲು ಅನುಮಾನ ಬಂದದ್ದು ಅಲ್ಲಿ.

"ರೀ, ಹಳ್ಳ ಎಲ್ಲಿ?" ಎಂದು ಪಿಸುಗುಟ್ಟಿದೆ.

"ಮೇಲೆ ಇರುತ್ತೆ ಅತ್ತೆ. ಫಾಲ್ಸ್ ಮೇಲಿದೆಯಲ್ಲ." ಅವನ ದನಿ ಆಗಲೇ ಒಣಗಿತ್ತು. ಹೆಜ್ಜೆ ಜೋರಾಯಿತು. ನಮ್ಮನ್ನು ಬಿಟ್ಟು ಮುಂದೆ ಓಡಿದ.

ನಾವು ತಲುಪಿದಾಗ ಅವನು ಬಂಡೆಯ ಬುಡದಲ್ಲಿ ಕತ್ತೆತ್ತಿ ನಿಂತಿದ್ದ. ಫೋಟೋದಲ್ಲಿದ್ದ ಅದೇ ಬಂಡೆ. ನೀರು ಬೀಳುತ್ತಿದ್ದ ಜಾಗದಲ್ಲಿ ಉದ್ದಕ್ಕೆ ಒಂದು ಕಪ್ಪು ಕಲೆ, ಒಣಗಿದ ಪಾಚಿ. ಕೆಳಗಿನ ಗುಂಡಿಯಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಸದ್ದೇ ಇಲ್ಲ. ಒಂದು ನೀಲಿ ಹಕ್ಕಿ ಕರ್ಕಶವಾಗಿ ಕೂಗಿ ಹಾರಿಹೋಯಿತು.

ವೀಣಾ ಬ್ಯಾಗನ್ನು ಎದೆಗವಚಿಕೊಂಡು ನಿಂತಳು. "ನೀರಿಲ್ಲ" ಎಂದಳು, ಅಷ್ಟೇ.

"ಮೇಲ್ಗಡೆ ನೋಡ್ಕೊಂಡ್ ಬರ್ತೀನಿ, ಇಲ್ಲೇ ಇರಿ" ಎಂದು ಮಂಜುನಾಥ ಬಂಡೆಯ ಪಕ್ಕದ ಇಳಿಜಾರು ಹತ್ತಿದ. ಕಲ್ಲು ಜಾರುವ ಸದ್ದು, ಪೊದೆ ಮುರಿಯುವ ಸದ್ದು. ವಿಷದ ಎಲೆ ಎಂದು ನನಗೆ ಹೇಳಿದವನು ಅದರೊಳಗೇ ನುಗ್ಗಿದ. ಬಹಳ ಹೊತ್ತಿನ ಮೇಲೆ ಕೂಗಿದ, "ಇದೆ! ಇದೆ! ಬನ್ನಿ!" ನಾನು ಮಗಳ ಕೈ ಹಿಡಿದು, ಕೂತು, ತೆವಳಿ ಹೇಗೋ ಮೇಲೆ ಹೋದೆ. ದೇವರೇ, ಒಂದು ಚೂರಾದರೂ ಹರಿಯುತ್ತಿರಲಪ್ಪ ಎಂದು ಬೇಡಿಕೊಂಡೆ. ಎರಡು ಕಲ್ಲಿನ ಸಂದಿಯಲ್ಲಿ ಒಂದು ಹೊಂಡ. ಪಲಾವ್ ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ನೀರು, ಮೇಲೆ ಸೊಳ್ಳೆ.

"ಇದು ನಿಂತಿದೆ" ಎಂದಳು ವೀಣಾ.

"ಸ್ವಲ್ಪ ಸ್ವಲ್ಪ ಹರೀತಿದೆ ವೀಣಾ, ಸರಿಯಾಗಿ ನೋಡು."

"ನಿಂತಿದೆ ರೀ."

ಆಗ ಅವನು ಬೆನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದ. ಮುಚ್ಚಳ ಬಿಚ್ಚಿ ಇಳಿಜಾರಿನ ಬಂಡೆಯ ಮೇಲೆ ಸುರಿದ. ನೀರು ಒಂದು ಗೆರೆಯಾಗಿ ಕೆಳಗಿಳಿಯಿತು. "ನೋಡು, ಹರೀತಿದೆ. ನೋಡು. ಈಗ ಬಿಡು ವೀಣಾ, ಬೇಗ ಬಿಡು." ಮೊಳದುದ್ದ ಹೋಗಿ ನೀರು ನಿಂತಿತು. ಕಾದ ಕಲ್ಲು ಕುಡಿದುಬಿಟ್ಟಿತು. ಇನ್ನೊಂದು ಬಾಟಲಿ ತೆಗೆದ. ಅದೂ ಮುಗಿಯಿತು. ನನ್ನ ಕೈಯಲ್ಲಿದ್ದ ಬಾಟಲಿ ಕಿತ್ತುಕೊಂಡ. "ಬೇಡ್ರೀ, ಸಾಕು, ಬೇಡಿ" ಎಂದರೂ ಕೇಳಲಿಲ್ಲ. ಅದನ್ನೂ ಸುರಿದ. ಕೊನೆಗೆ ಅರಿಶಿನದ ಜೊತೆಗಿಟ್ಟಿದ್ದ ಹಾಲನ್ನೂ ಸುರಿದ. ಬಿಳಿ ಗೆರೆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಇತ್ತು.

ವೀಣಾ ಬ್ಯಾಗು ತೆರೆದಳು. ಡಬ್ಬಿ ಹೊರಗೆ ತೆಗೆದಳು. ಡಬ್ಬಿಗೆ ಕುಲಾವಿ ತೊಡಿಸಿದ್ದಳು, ನಾನು ಹೊಲಿದ ಹಳದಿ ಅಂಚಿನ ಕುಲಾವಿ. ಅದರ ಲಾಡಿಯನ್ನು ಕೆಳಗೆ ನೀಟಾಗಿ ಗಂಟು ಹಾಕಿದ್ದಳು. ಒಂದು ಸಲ ಆ ಒದ್ದೆ ಬಂಡೆ ನೋಡಿದಳು, ಒಂದು ಸಲ ಗಂಡನನ್ನು ನೋಡಿದಳು.

"ನೀರು ಬರ್ಲಿ. ಆಮೇಲೆ" ಎಂದಳು. ಡಬ್ಬಿಯನ್ನು ಮತ್ತೆ ಬ್ಯಾಗಿನೊಳಗಿಟ್ಟು, ಜಿಪ್ ಎಳೆದು ಇಳಿಯತೊಡಗಿದಳು.

ಮಂಜುನಾಥ ಕಲ್ಲಿನ ಮೇಲೆ ಕುಸಿದು ಕೂತು ಅತ್ತ. ಅಷ್ಟು ದಿನ ಒಂದು ಹನಿ ಹಾಕದವನು ಆ ಕೊರಕಲು ಮಾರ್ದನಿಗೊಡುವ ಹಾಗೆ ಅತ್ತ. "ನಂಗೆ ಗೊತ್ತಿರ್ಲಿಲ್ಲ ಅತ್ತೆ. ನಂಗೆ ಯಾರೂ ಹೇಳಿರ್ಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದ. ನೀರಿನ ವಿಷಯವೋ, ಬೆಂಕಿಯ ವಿಷಯವೋ, ಎರಡೂ ಇರಬೇಕು. ಆಮೇಲೆ ಅಳುವಿನ ನಡುವೆಯೇ, "ಕೆಲ್ಸಾನೂ ಹೋಯ್ತು ಅತ್ತೆ. ಕಂಪನಿ ಮುಚ್ಚಿದ್ರು. ಮನೇಲಿ ಹೇಳೋಕೆ ಬಾಯಿ ಬರ್ಲಿಲ್ಲ" ಎಂದ. ನಮ್ಮಲ್ಲಿ ಅಳಿಯನ ಮೈ ಮುಟ್ಟುವ ರೂಢಿಯಿಲ್ಲ. ನಾನು ಅವತ್ತು ಅವನ ತಲೆ ಮುಟ್ಟಿದೆ. ಬೆವರಿನಲ್ಲಿ ತೊಯ್ದು ಹೋಗಿತ್ತು. "ಏಳಪ್ಪ, ಏಳು ಮಗನೇ" ಎಂದೆ, ಬಹುವಚನ ಎಲ್ಲಿ ಹೋಯಿತೋ.

ಕೆಳಗೆ ಪಲಾವ್ ಎಲೆ ಮರದ ನೆರಳಿನಲ್ಲಿ ವೀಣಾ ಕಾಯುತ್ತಿದ್ದಳು. ಇಬ್ಬರನ್ನೂ ಕೂರಿಸಿದೆ. ಕುಡಿಯಲು ಒಂದು ಗುಟುಕು ನೀರಿರಲಿಲ್ಲ, ಪುಳಿಯೋಗರೆ ಗಂಟಲಲ್ಲಿ ಇಳಿಯುವ ಹಾಗಿರಲಿಲ್ಲ. ಮೊಸರನ್ನದ ಡಬ್ಬಿ ತೆಗೆದು, ಕಲಸಿ, ಕೈತುತ್ತು ಹಾಕಿದೆ. ಒಂದು ತುತ್ತು ಅವಳ ಅಂಗೈಗೆ, ಒಂದು ತುತ್ತು ಅವನ ಅಂಗೈಗೆ. ಚಿಕ್ಕ ಮಕ್ಕಳ ಹಾಗೆ ತಿಂದರು. ಅವನ ಮುಂಗೈ ತುಂಬ ಮುಳ್ಳು ಗೀಚಿದ ರಕ್ತ. ಅವಳು ಅದನ್ನು ನೋಡಿದಳು, ಕರ್ಚೀಫು ತೆಗೆದು ನನ್ನ ಕೈಗೆ ಕೊಟ್ಟಳು, ಅವನಿಗೆ ಕೊಡು ಎಂದು. ತಾನೇ ಒರೆಸಬಹುದಿತ್ತು, ಒರೆಸಲಿಲ್ಲ. ನನ್ನ ಆಸೆಯೆಲ್ಲ ಅಲ್ಲೇ ಇಂಗಿಹೋಯಿತು.

ಮನೆಗೆ ಬಂದ ಮೇಲೆ ಅವನ ಮೈಯೆಲ್ಲ ಗುಳ್ಳೆ ಎದ್ದು ಎಷ್ಟೋ ದಿನ ನರಳಿದ. ನಾನು ಬೇವಿನೆಣ್ಣೆ ಇಲ್ಲವಲ್ಲ ಎಂದು ಪೇಚಾಡಿದೆ. ಡಬ್ಬಿ ತೊಟ್ಟಿಲಿಗೆ ವಾಪಸ್ಸು ಹೋಯಿತು. ದೀಪಾವಳಿಗೆ ದೀಪ ಹಚ್ಚಿದೆ, ಸಿಹಿ ಮಾಡಲಿಲ್ಲ. ನನ್ನ ಮರಳುವ ಟಿಕೆಟ್ಟಿನ ದಿನ ಬಂತು. "ನನ್ ಜೊತೆ ಬಂದ್ಬಿಡು ಕಣೆ, ಅದನ್ನೂ ತಗೊಂಡು ಬಾ. ಹೇಮಾವತಿ ತುಂಬಿ ಹರೀತಿದಾಳೆ" ಎಂದು ಕೈ ಹಿಡಿದು ಕೇಳಿಕೊಂಡೆ. "ಅದಕ್ಕೆ ಆ ನದಿ ಗೊತ್ತಿಲ್ವಲ್ಲಮ್ಮ" ಎಂದಳು. ತಂದಿದ್ದ ಬಜೆ, ಹಿಪ್ಪಲಿ ಎಲ್ಲ ಮುಟ್ಟದೆ ಹಾಗೇ ಪೆಟ್ಟಿಗೆಯಲ್ಲಿ ನನ್ನ ಜೊತೆ ಊರಿಗೆ ಬಂತು.

ಮಂಜುನಾಥನಿಗೆ ಆಮೇಲೆ ಟೆಕ್ಸಸ್ಸಿನಲ್ಲಿ ಕೆಲಸ ಸಿಕ್ಕಿತು. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ, ಆಮೇಲೆ ಇಲ್ಲ. ಜಗಳವಿಲ್ಲ, ಮಾತಿಲ್ಲ, ಹಾಗೇ ಮುಗಿಯಿತು. ನನಗೆ ಮಾತ್ರ ಈಗಲೂ ಯುಗಾದಿಗೆ ಫೋನು ಮಾಡುತ್ತಾನೆ, "ಅತ್ತೆ, ಹೇಗಿದೀರಾ" ಎನ್ನುತ್ತಾನೆ. ವೀಣಾ ಕ್ಯಾಲಿಫೋರ್ನಿಯಾದಲ್ಲೇ, ಗಿಲ್‌ರಾಯ್ ಎಂಬ ಊರಿನಲ್ಲಿ ಒಂದು ಮನೆ ತೆಗೆದುಕೊಂಡು ಒಬ್ಬಳೇ ಇದ್ದಾಳೆ. ಊರಿನ ತುಂಬ ಬೆಳ್ಳುಳ್ಳಿ ವಾಸನೆ ಅಮ್ಮ, ನಿನ್ನ ಬಾಣಂತನದ ಅಡುಗೆಮನೆ ಥರ ಎಂದು ಒಂದೇ ಒಂದು ಸಲ ಹೇಳಿದ್ದಳು.

ಪ್ರತಿ ವರ್ಷ ಅಲ್ಲಿ ಚಳಿಗಾಲ ಶುರುವಾದಾಗ ನಾನು ಕೇಳುತ್ತೇನೆ, "ಮಳೆ ಬಂತಾ? ಆ ಹಳ್ಳಕ್ಕೆ ನೀರು ಬಂತಾ?" "ಇನ್ನೂ ಇಲ್ಲಮ್ಮ" ಎನ್ನುತ್ತಾಳೆ. ಒಂದೆರಡು ವರ್ಷ ನಂಬಿದೆ. ಆಮೇಲೆ ಕೇಳುವುದು ನನ್ನ ಕೆಲಸ, ಇಲ್ಲ ಅನ್ನುವುದು ಅವಳ ಕೆಲಸ ಎಂದಾಯಿತು.

ಮೊನ್ನೆ ಹುಟ್ಟುಹಬ್ಬದ ಊಟ ಮುಗಿದ ಮೇಲೆ, ಆ ಪಲಾವನ್ನು ಮುಟ್ಟದೆ ಎದ್ದು ಬಂದು ಟಿವಿ ಮುಂದೆ ಕೂತೆ. ಕ್ಯಾಲಿಫೋರ್ನಿಯಾ ಎಂದು ತೋರಿಸುತ್ತಿದ್ದರು. ಎಲ್ಲೆಲ್ಲೂ ನೀರು. ಗುಡ್ಡಗಳಿಂದ ಕೆಂಪು ನೀರು ಧುಮುಕುತ್ತಿದೆ, ರಸ್ತೆಯಲ್ಲಿ ಕಾರುಗಳು ತೇಲುತ್ತಿವೆ. ಗಾಬರಿಯಾಗಿ ವೀಣಾಗೆ ಫೋನು ಹಚ್ಚಿದೆ.

"ಹುಷಾರಾಗಿದೀಯಾ ಮಗಳೇ?"

"ಇದೀನಮ್ಮ. ನಮ್ಮನೆ ಕಡೆ ಏನೂ ಆಗಿಲ್ಲ."

ನನಗೂ ವಯಸ್ಸಾಯಿತು, ಇನ್ನೆಷ್ಟು ಸಲ ಕೇಳುತ್ತೇನೋ ಎಂದುಕೊಂಡು ಕೇಳಿಯೇಬಿಟ್ಟೆ. "ಆ ಹಳ್ಳಕ್ಕೆ ನೀರು ಬಂತೇನೆ?"

"ಇನ್ನೂ ಬಂದಿಲ್ಲಮ್ಮ" ಎಂದಳು.

"ಹೌದಾ. ಸರಿ ಬಿಡು, ಬಂದಾಗ ಹೇಳು" ಎಂದೆ. ಅವಳ ಮನೆಯ ಮಾಡಿನ ಮೇಲೆ ಮಳೆ ಸುರಿಯುವ ಸದ್ದು ಫೋನಿನಲ್ಲಿ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.